ಮೀನು ಅಪರಾಧಿಯಲ್ಲ, ಮೀನುಗಾರನೂ ಅಲ್ಲ

ಜಪಾನಿನ ಮಿನಮಾಟಾ ಎಂಬ ಕಡಲತಡಿಯ ಪಟ್ಟಣದಲ್ಲಿ 1950ರ ದಶಕದ ಆರಂಭದಲ್ಲಿ ಬೆಕ್ಕುಗಳು ವಿಚಿತ್ರವಾಗಿ ಕುಣಿದು, ತತ್ತರಿಸಿ ಬಿದ್ದು ಸಾಯತೊಡಗಿದವು. ಬೆಕ್ಕುಗಳ ಸಾವನ್ನು ಯಾರೂ ಗಂಭೀರವಾಗಿ ಪರಿಗಣಿಸಲಿಲ್ಲ. ಬಳಿಕ ಮನುಷ್ಯರ ಸರದಿ ಬಂತು. ಮಕ್ಕಳ ಮಾತು ತೊದಲಿತು, ನಡಿಗೆ ತಪ್ಪಿತು, ಕೈ ನಡುಗಿತು, ದೃಷ್ಟಿ ಕುಗ್ಗಿತು. 1956ರ ಮೇ 1ರಂದು ಅಲ್ಲಿನ ಚಿಸ್ಸೋ ರಾಸಾಯನಿಕ ಕಾರ್ಖಾನೆಯ ಆಸ್ಪತ್ರೆಯೇ ಈ ಅಪರಿಚಿತ ಕಾಯಿಲೆಯ ಬಗ್ಗೆ ಆರೋಗ್ಯ ಕೇಂದ್ರಕ್ಕೆ ವರದಿ ನೀಡಿತು. ಕಾಯಿಲೆ ಬಿದ್ದವರೆಲ್ಲರಲ್ಲೂ ಸಮಾನವಾಗಿದ್ದುದು ಒಂದೇ: ಅವರು ಮಿನಮಾಟಾ ಕೊಲ್ಲಿಯ ಮೀನು ತಿನ್ನುತ್ತಿದ್ದರು.

ಕೊಲ್ಲಿಯ ಮೀನು ಮಾರಾಟವನ್ನು ಆಹಾರ ನೈರ್ಮಲ್ಯ ಕಾಯ್ದೆಯಡಿ ನಿಷೇಧಿಸಬಹುದೇ ಎಂದು ಕುಮಾಮೊಟೊ ಪ್ರಾಂತದ ಆಡಳಿತವು 1957ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವನ್ನು ಕೇಳಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಉತ್ತರ ಬಂತು. ಕೊಲ್ಲಿಯ ಎಲ್ಲ ಮೀನು, ಚಿಪ್ಪುಮೀನುಗಳೂ ವಿಷಪೂರಿತವಾಗಿವೆ ಎಂಬುದಕ್ಕೆ ಸ್ಪಷ್ಟ ಪುರಾವೆ ಇಲ್ಲದಿರುವುದರಿಂದ ಕಾಯ್ದೆಯನ್ನು ಅನ್ವಯಿಸಲಾಗದು ಎಂಬುದು ಆ ಉತ್ತರದ ಸಾರ. ಈ ಒಂದು ಉತ್ತರದ ಬೆಲೆ ಎಷ್ಟೆಂಬುದನ್ನು ಮುಂದಿನ ಹನ್ನೊಂದು ವರ್ಷಗಳು ಹೇಳಿದವು.

ಯಾಕೆಂದರೆ, ವಿಷದ ಮೂಲ ಗುಟ್ಟಾಗಿಯೇನೂ ಉಳಿದಿರಲಿಲ್ಲ. ಚಿಸ್ಸೋ ಕಾರ್ಖಾನೆಯು 1932ರಿಂದಲೇ ಅಸಿಟಾಲ್ಡಿಹೈಡ್ ತಯಾರಿಕೆಗೆ ಪಾದರಸವನ್ನು ಬಳಸುತ್ತಾ, ತ್ಯಾಜ್ಯವನ್ನು ನೀರಿಗೆ ಬಿಡುತ್ತಿತ್ತು. 1959ರಲ್ಲಿ ಕುಮಾಮೊಟೊ ವಿಶ್ವವಿದ್ಯಾನಿಲಯದ ಸಂಶೋಧಕರು ಕಾಯಿಲೆಗೆ ಸಾವಯವ ಪಾದರಸವೇ ಕಾರಣವೆಂದರು. ಅದೇ ವರ್ಷ ಕಾರ್ಖಾನೆಯ ಆಸ್ಪತ್ರೆಯ ವೈದ್ಯ ಹೊಸೊಕಾವಾ ಅವರು ಕಾರ್ಖಾನೆಯ ತ್ಯಾಜ್ಯವನ್ನು ಬೆಕ್ಕೊಂದಕ್ಕೆ ತಿನ್ನಿಸಿ ಪರೀಕ್ಷಿಸಿದರು. 400ನೇ ಸಂಖ್ಯೆಯ ಆ ಬೆಕ್ಕು ಅದೇ ರೋಗಕ್ಕೆ ತುತ್ತಾಯಿತು. ಕಂಪೆನಿ ಆ ಫಲಿತಾಂಶವನ್ನು ಅದುಮಿಟ್ಟಿತು. ತ್ಯಾಜ್ಯ ಶುದ್ಧೀಕರಣಕ್ಕೆಂದು ವರ್ಷಾಂತ್ಯದಲ್ಲಿ ಯಂತ್ರವೊಂದನ್ನು ಅಳವಡಿಸಿ ಸಮಾರಂಭ ನಡೆಸಿತು. ಆ ಯಂತ್ರಕ್ಕೆ ಪಾದರಸವನ್ನು ತೆಗೆಯುವ ಸಾಮರ್ಥ್ಯವೇ ಇರಲಿಲ್ಲ! ಸರಕಾರವು ಕಾರ್ಖಾನೆಯೇ ಕಾರಣವೆಂದು ಅಧಿಕೃತವಾಗಿ ಒಪ್ಪಿಕೊಂಡದ್ದು 1968ರ ಸೆಪ್ಟೆಂಬರ್‌ನಲ್ಲಿ. ಅಂದರೆ ಕಾರ್ಖಾನೆಯು ಆ ಹಳೆಯ ವಿಧಾನವನ್ನು ಕೈಬಿಟ್ಟ ನಾಲ್ಕು ತಿಂಗಳ ಬಳಿಕ! ಈ ನಡುವೆ 1965ರಲ್ಲಿ ನೀಗಾಟಾದ ಅಗಾನೋ ನದಿಯ ದಡದಲ್ಲಿ ಇನ್ನೊಂದು ಕಾರ್ಖಾನೆಯಿಂದಾಗಿ ಅದೇ ರೋಗ ಮರುಕಳಿಸಿತ್ತು. ಮಿನಮಾಟಾ ಪ್ರದೇಶವೊಂದರಲ್ಲೇ ಅಧಿಕೃತವಾಗಿ ರೋಗಿಗಳೆಂದು ಗುರುತಿಸಲ್ಪಟ್ಟವರು 2,200ಕ್ಕೂ ಅಧಿಕ. ಪರಿಹಾರ ಕೋರಿದವರ ಸಂಖ್ಯೆ ಅದರ ಹಲವು ಪಟ್ಟು. ರೋಗ ಹರಡುವುದನ್ನು ತಡೆಯದ ಸರಕಾರವೂ ಹೊಣೆಗಾರ ಎಂದು ಜಪಾನಿನ ಸುಪ್ರೀಮ್ ಕೋರ್ಟು ಹೇಳಿದ್ದು 2004ರಲ್ಲಿ.

ಈ ಹಳೆಯ ಚರಿತ್ರೆಯನ್ನು ಇಲ್ಲಿ ನೆನಪಿಸುವುದಕ್ಕೆ ಕಾರಣವಿದೆ. ಮಿನಮಾಟಾವನ್ನು ಕೊಂದದ್ದು ಪಾದರಸ ಮಾತ್ರವಲ್ಲ, 'ಸಾಬೀತಾಗಿಲ್ಲ' ಎಂಬ ಪದವೂ ಹೌದು. ಇವತ್ತು ನಮ್ಮ ದೇಶದಲ್ಲಿ ಈ ಪದಕ್ಕೆ ಇನ್ನೂ ಸುಲಭದ ರೂಪವೊಂದಿದೆ. ಅದು, 'ಪರೀಕ್ಷಿಸಿಲ್ಲ'. ಪರೀಕ್ಷಿಸದಿದ್ದರೆ ಸಾಬೀತಾಗುವ ಭಯವೂ ಇಲ್ಲ.

ಭಾರ ಲೋಹಗಳು ಮೀನಿನ ದೇಹ ಸೇರುವ ದಾರಿಯನ್ನು ಮೊದಲು ಅರ್ಥ ಮಾಡಿಕೊಳ್ಳಬೇಕು. ಕಾರ್ಖಾನೆಯ ತ್ಯಾಜ್ಯದಿಂದಲೋ ಕಲ್ಲಿದ್ದಲಿನ ಹೊಗೆಯಿಂದಲೋ ನೀರನ್ನು ಸೇರುವ ಪಾದರಸವು ತಳದ ಕೆಸರಿನಲ್ಲಿ ಕೂರುತ್ತದೆ. ಅಲ್ಲಿನ ಸೂಕ್ಷ್ಮಾಣುಗಳು ಅದನ್ನು ಮೀಥೈಲ್ ಪಾದರಸವಾಗಿ ಪರಿವರ್ತಿಸುತ್ತವೆ. ಇದು ಜೀವಿಗಳ ದೇಹವನ್ನು ಸುಲಭವಾಗಿ ಸೇರುತ್ತದೆ, ಆದರೆ ಬೇಗನೆ ಹೊರಹೋಗುವುದಿಲ್ಲ. ಸೂಕ್ಷ್ಮಜೀವಿಯನ್ನು ಸಣ್ಣ ಮೀನು ತಿನ್ನುತ್ತದೆ, ಸಣ್ಣದನ್ನು ದೊಡ್ಡದು ತಿನ್ನುತ್ತದೆ. ಪ್ರತಿ ಹಂತದಲ್ಲೂ ವಿಷದ ಸಾಂದ್ರತೆ ಹೆಚ್ಚುತ್ತಾ ಹೋಗುತ್ತದೆ. ಆದ್ದರಿಂದಲೇ ಶಾರ್ಕ್, ದೊಡ್ಡ ಗಾತ್ರದ ಟ್ಯೂನಾದಂತಹ ಬೇಟೆಗಾರ ಮೀನುಗಳಲ್ಲಿ ಪಾದರಸ ಹೆಚ್ಚಿರುತ್ತದೆ. ಬೂತಾಯಿ, ಬಂಗುಡೆಯಂತಹ ಅಲ್ಪಾಯುಷಿ ಸಣ್ಣ ಮೀನುಗಳಲ್ಲಿ ತೀರಾ ಕಡಿಮೆ ಇರುತ್ತದೆ. ಸೀಸ ಮತ್ತು ಕ್ಯಾಡ್ಮಿಯಂಗಳದ್ದು ಬೇರೆ ಸ್ವಭಾವ. ಅವು ಮೀನಿನ ಮಾಂಸಖಂಡಕ್ಕಿಂತ ಹೆಚ್ಚಾಗಿ ಪಿತ್ತಜನಕಾಂಗ, ಮೂತ್ರಪಿಂಡ, ಕಿವಿರುಗಳಲ್ಲಿ ಶೇಖರಗೊಳ್ಳುತ್ತವೆ. ಬೊಂಡಾಸಿನ ಒಳ ಅಂಗಗಳಲ್ಲಿ ಕ್ಯಾಡ್ಮಿಯಂ ಹೆಚ್ಚು. ಚಿಪ್ಪುಮೀನುಗಳಂತೂ ನೀರನ್ನು ಸೋಸುತ್ತಲೇ ಬದುಕುವುದರಿಂದ ನೀರಿನಲ್ಲಿರುವುದೆಲ್ಲವೂ ಅವುಗಳಲ್ಲಿರುತ್ತದೆ.

ಕೊಳೆತ ಮೀನಿಗೆ ವಾಸನೆ ಇರುತ್ತದೆ. ಕಿವಿರು ಎತ್ತಿ ನೋಡಿ, ಕಣ್ಣು ನೋಡಿ, ಬೆರಳಿನಿಂದ ಒತ್ತಿ ತಾಜಾತನವನ್ನು ತಿಳಿಯುವ ಜಾಣ್ಮೆ ನಮ್ಮ ಕರಾವಳಿಯ ಪ್ರತಿ ತಾಯಿಗೂ ಇದೆ. ಆದರೆ ಪಾದರಸಕ್ಕೆ ವಾಸನೆಯಿಲ್ಲ, ಸೀಸಕ್ಕೆ ರುಚಿಯಿಲ್ಲ. ತೊಳೆದರೆ ಹೋಗದು, ಹುಳಿ ಹಾಕಿ ಬೇಯಿಸಿದರೂ ಹೋಗದು, ಕಾವಲಿಯಲ್ಲಿ ಹುರಿದರೂ ಹೋಗದು. ಹೀಗಿರುತ್ತಾ, ಎಚ್ಚರ ವಹಿಸಿ ಎಂದು ಗ್ರಾಹಕನಿಗೆ ಉಪದೇಶಿಸುವುದರಲ್ಲಿ ಏನರ್ಥವಿದೆ? ಗ್ರಾಹಕನ ಕೈಯಲ್ಲಿ ಇರದ ಕಣ್ಣು ಸರಕಾರದ ಪ್ರಯೋಗಾಲಯದಲ್ಲಿ ಇರಬೇಕು.

ಆ ಕಣ್ಣು ತೆರೆದಿದೆಯೇ ಎಂಬುದೇ ಪ್ರಶ್ನೆ. ಕಾನೂನಿಗೆ ಕೊರತೆಯೇನೂ ಇಲ್ಲ. 2006ರ ಆಹಾರ ಸುರಕ್ಷತಾ ಕಾಯ್ದೆ ಇದೆ. ಅದರಡಿಯ 2011ರ ನಿಯಮಗಳಲ್ಲಿ ಮೀನಿನಲ್ಲಿ ಸೀಸದ ಪ್ರಮಾಣ ಕಿಲೋಗೆ 0.3 ಮಿಲಿಗ್ರಾಂ ಮೀರಬಾರದೆಂದೂ ಆಹಾರದಲ್ಲಿ ಮೀಥೈಲ್ ಪಾದರಸವು 0.25 ಮಿಲಿಗ್ರಾಂ ಮೀರಬಾರದೆಂದೂ ಇದೆ. ಆದರೆ ನಮ್ಮ ಊರಿನ ಮಾರುಕಟ್ಟೆಯಲ್ಲಿ ಇಂದು ಬೆಳಗ್ಗೆ ಬುಟ್ಟಿಯಿಂದ ಎತ್ತಿಕೊಂಡ ಮೀನನ್ನು ಯಾವಾಗ ಪರೀಕ್ಷಿಸಲಾಗಿದೆ, ಎಷ್ಟು ಸಿಕ್ಕಿದೆ, ಎಲ್ಲಿ ಸಿಕ್ಕಿದೆ ಎಂಬುದನ್ನು ತಿಳಿಯುವ ದಾರಿ ಸಾಮಾನ್ಯ ನಾಗರಿಕನಿಗೆ ಇದೆಯೇ?

ಈಗ ಇನ್ನೊಂದು ಮಗ್ಗುಲನ್ನು ನೋಡಿ. 1997ರ ಆಗಸ್ಟ್‌ನಲ್ಲಿ ಯುರೋಪಿಯನ್ ಒಕ್ಕೂಟವು ನೈರ್ಮಲ್ಯದ ಕಾರಣ ನೀಡಿ ಭಾರತದ ಮೀನು ಉತ್ಪನ್ನಗಳ ಆಮದನ್ನೇ ನಿಷೇಧಿಸಿತ್ತು. ದಿಲ್ಲಿ ಬೆಚ್ಚಿಬಿತ್ತು. ಸಂಸ್ಕರಣಾ ಘಟಕಗಳು ಬದಲಾದವು, ತಪಾಸಣೆ ಬಿಗಿಯಾಯಿತು, ರಫ್ತು ತಪಾಸಣಾ ವ್ಯವಸ್ಥೆ ಚುರುಕಾಯಿತು. ಇವತ್ತು ಯುರೋಪಿಗೆ ಹೋಗುವ ಮೀನಿನ ಜೊತೆ ಆರೋಗ್ಯ ಪ್ರಮಾಣಪತ್ರ ಹೋಗುತ್ತದೆ. ಭಾರತದಿಂದ ಹೋದ ಬೊಂಡಾಸಿನಂತಹ ಸರಕುಗಳಲ್ಲಿ ಕ್ಯಾಡ್ಮಿಯಂ ಮಿತಿ ಮೀರಿದೆಯೆಂದು ಅಲ್ಲಿನ ಎಚ್ಚರಿಕಾ ವ್ಯವಸ್ಥೆ ಹಲವು ಬಾರಿ ದಾಖಲಿಸಿದೆ. ಅಂದರೆ, ಸ್ಪೇನ್ ಅಥವಾ ಇಟಲಿಯ ಗ್ರಾಹಕನ ತಟ್ಟೆಗೆ ಬೀಳುವ ಮೀನಿನಲ್ಲಿ ಏನಿದೆ ಎಂಬುದು ಲೆಕ್ಕಕ್ಕೆ ಸಿಗುತ್ತದೆ. ಅದೇ ಸಮುದ್ರದ, ಅದೇ ದೋಣಿಯ ಮೀನು ಮಂಗಳೂರಿನ, ಭಟ್ಕಳದ, ಬೆಂಗಳೂರಿನ ತಟ್ಟೆಗೆ ಬೀಳುವಾಗ ಆ ಲೆಕ್ಕ ಎಲ್ಲಿರುತ್ತದೆ? ವಿದೇಶೀಯನ ಆರೋಗ್ಯಕ್ಕೆ ಒಂದು ಮಾನದಂಡ, ಸ್ವದೇಶೀಯನ ಆರೋಗ್ಯಕ್ಕೆ ಇನ್ನೊಂದು ಮಾನದಂಡವೇ? ಸ್ವಾಭಿಮಾನದ ಬಗ್ಗೆ ಗಂಟೆಗಟ್ಟಲೆ ಭಾಷಣ ಮಾಡುವವರಿಗೆ ಇದು ಅವಮಾನವೆಂದು ಅನಿಸುವುದಿಲ್ಲವೇ?

ದೇಶದೊಳಗೆ ಮೀನಿನ ಪರೀಕ್ಷೆ ದೊಡ್ಡ ಸುದ್ದಿಯಾದ ಸಂದರ್ಭಗಳನ್ನು ಗಮನಿಸಿದರೆ ವಿಷಯ ಇನ್ನಷ್ಟು ಸ್ಪಷ್ಟವಾಗುತ್ತದೆ. 2018ರ ಜೂನ್‌ನಲ್ಲಿ ಕೇರಳವು ಗಡಿಗಳಲ್ಲಿ ಫಾರ್ಮಾಲಿನ್ ಬೆರೆಸಿದ ಸಾವಿರಾರು ಕಿಲೋ ಮೀನನ್ನು ವಶಪಡಿಸಿಕೊಂಡಿತು. ಮರುತಿಂಗಳು ಗೋವಾದ ಮಡಗಾಂವ್ ಮಾರುಕಟ್ಟೆಯಲ್ಲಿ ಫಾರ್ಮಾಲಿನ್ ಇದೆ ಎಂದು ಮೊದಲೂ, ಅದು ಮಿತಿಯೊಳಗಿದೆ ಎಂದು ಬಳಿಕವೂ ಹೇಳಿಕೆಗಳು ಬಂದು ಜನರು ಗೊಂದಲಕ್ಕೆ ಬಿದ್ದರು. ಕೊನೆಗೆ ಹೊರರಾಜ್ಯಗಳ ಮೀನಿಗೇ ತಾತ್ಕಾಲಿಕ ನಿಷೇಧ ಬಂತು. 2019ರ ಜನವರಿಯಲ್ಲಿ ಬಿಹಾರ ಸರಕಾರವು ಆಂಧ್ರಪ್ರದೇಶ ಮತ್ತು ಪಶ್ಚಿಮ ಬಂಗಾಳದ ಮೀನುಗಳ ಮಾರಾಟವನ್ನು ಪಾಟ್ನಾದಲ್ಲಿ 15 ದಿನಗಳ ಮಟ್ಟಿಗೆ ನಿಷೇಧಿಸಿತು. ಮಾದರಿಗಳಲ್ಲಿ ಫಾರ್ಮಾಲಿನ್ ಜೊತೆಗೆ ಸೀಸ ಮತ್ತು ಕ್ಯಾಡ್ಮಿಯಂ ಕೂಡಾ ಇದ್ದವು ಎಂಬುದು ಅದರ ವಾದವಾಗಿತ್ತು.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಫಾರ್ಮಾಲಿನ್ ಬೆರೆಸುವುದು ವ್ಯಾಪಾರಿಯ ವಂಚನೆ. ಅದಕ್ಕೆ ಶಿಕ್ಷೆಯಾಗಬೇಕು. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ರೂಪಿಸಿದ ಪರೀಕ್ಷಾ ಪಟ್ಟಿಯಿಂದ ಅದನ್ನು ನಿಮಿಷಗಳಲ್ಲಿ ಪತ್ತೆ ಹಚ್ಚಬಹುದು. ಆದರೆ ಸೀಸವನ್ನು, ಕ್ಯಾಡ್ಮಿಯಂ ಅನ್ನು, ಪಾದರಸವನ್ನು ಮೀನಿಗೆ ಬೆರೆಸಿದ್ದು ಯಾರು? ಬಲೆ ಬೀಸುವ ಮೊಗವೀರನೇ? ಬುಟ್ಟಿ ಹೊತ್ತು ಮನೆಮನೆಗೆ ಬರುವ ಮಹಿಳೆಯೇ? ಬೈಕಿನಲ್ಲಿ ಪೆಟ್ಟಿಗೆ ಕಟ್ಟಿಕೊಂಡು ಊರೂರು ಸುತ್ತುವ ಬ್ಯಾರಿ ಯುವಕನೇ? ಈ ವಿಷ ಮೀನು ಬಲೆಗೆ ಬೀಳುವ ಮೊದಲೇ ಅದರ ದೇಹದೊಳಗಿತ್ತು. ಹೀಗಿದ್ದೂ ನಿಷೇಧದ ಆದೇಶ ಹೊರಬಿದ್ದಾಗ ನಷ್ಟ ಯಾರದು? ಮೀನು ಮಾರುವವನದು. ಲೋಹವನ್ನು ನೀರಿಗೆ ಬಿಟ್ಟವನ ಹೆಸರು ಆ ಆದೇಶದಲ್ಲಿ ಇರುವುದೇ ಇಲ್ಲ.

ಮಿನಮಾಟಾದಲ್ಲಿಯೂ ಹೀಗೆಯೇ ಆಯಿತು. ಮೀನು ಮಾರಾಟವಾಗದೇ ಹಸಿದ ಮೀನುಗಾರರು 1959ರ ನವೆಂಬರ್‌ನಲ್ಲಿ ಕಾರ್ಖಾನೆಗೆ ನುಗ್ಗಿ ಪ್ರತಿಭಟಿಸಿದಾಗ ಪಟ್ಟಣದ ದೊಡ್ಡ ವರ್ಗ ಅವರನ್ನೇ ದೂಷಿಸಿತು. ಕಾರ್ಖಾನೆ ಮುಚ್ಚಿದರೆ ಊರು ಮುಳುಗುತ್ತದೆ ಎಂಬುದು ಅವರ ಭಯವಾಗಿತ್ತು. ಕಾಯಿಲೆ ಬಿದ್ದವರನ್ನು ಸಾಂಕ್ರಾಮಿಕ ರೋಗಿಗಳಂತೆ ದೂರವಿಡಲಾಯಿತು. ಅಭಿವೃದ್ಧಿಯ ಹೆಸರಿನಲ್ಲಿ ಬಾಧಿತನನ್ನೇ ಅಪರಾಧಿಯನ್ನಾಗಿಸುವುದು ಜಪಾನಿಗೆ ಸೀಮಿತವಾದ ಗುಣವೇನಲ್ಲ.

ನಮ್ಮದೇ ದೇಶದ ಉದಾಹರಣೆಯನ್ನು ತೆಗೆದುಕೊಳ್ಳಿ. ಮಧ್ಯಪ್ರದೇಶ ಮತ್ತು ಉತ್ತರಪ್ರದೇಶದ ಗಡಿಯಲ್ಲಿರುವ ಸಿಂಗ್ರೌಲಿ ಪ್ರದೇಶವು ಕಲ್ಲಿದ್ದಲು ಗಣಿಗಳ, ಉಷ್ಣ ವಿದ್ಯುತ್ ಸ್ಥಾವರಗಳ ದೊಡ್ಡ ಕೇಂದ್ರ. ದಿಲ್ಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು 2012ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಅಲ್ಲಿನ ಡೋಂಗಿಯಾ ನಾಲೆಯ ಬಳಿಯ ಮೀನಿನಲ್ಲಿ ಮೀಥೈಲ್ ಪಾದರಸವು ಕಿಲೋಗೆ 0.447 ಮಿಲಿಗ್ರಾಂನಷ್ಟಿತ್ತು. ಅಂದರೆ ಕಾನೂನಿನ ಮಿತಿಯ ಹತ್ತಿರ ಹತ್ತಿರ ಎರಡು ಪಟ್ಟು. ದೇಶದ ಲಕ್ಷಾಂತರ ಮನೆಗಳಿಗೆ ಬೆಳಕು ಕೊಡುವ ಪ್ರದೇಶದ ಬಡವನ ಪಾಲಿಗೆ ಸಿಕ್ಕಿದ್ದು ಪಾದರಸದ ಮೀನು! ಉಷ್ಣ ಸ್ಥಾವರಗಳ ಹೊಗೆಯಲ್ಲಿ ಪಾದರಸ ಇಷ್ಟೇ ಇರಬೇಕೆಂದು ನಮ್ಮ ದೇಶ ಮೊತ್ತಮೊದಲು ನಿಯಮ ಮಾಡಿದ್ದೇ 2015ರ ಡಿಸೆಂಬರ್‌ನಲ್ಲಿ.

ಕರ್ನಾಟಕವೂ ಈ ಪ್ರಶ್ನೆಯಿಂದ ಹೊರಗಿಲ್ಲ. ಕಾರವಾರದ ಬಳಿಯ ಕಾಸ್ಟಿಕ್ ಸೋಡಾ ಕಾರ್ಖಾನೆಯ ಸುತ್ತಲಿನ ಪಾದರಸದ ಬಗ್ಗೆ ವಿಜ್ಞಾನಿಗಳ ಅಧ್ಯಯನವು 1990ರಲ್ಲೇ ಅಂತಾರಾಷ್ಟ್ರೀಯ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾಗಿತ್ತು. ಬೆಂಗಳೂರಿನ ಕೊಳಚೆಯನ್ನೂ ಕೈಗಾರಿಕಾ ತ್ಯಾಜ್ಯವನ್ನೂ ಹೊತ್ತು ಹರಿಯುವ ವೃಷಭಾವತಿಯು ಬಿಡದಿ ಸಮೀಪದ ಬೈರಮಂಗಲ ಜಲಾಶಯವನ್ನು ತುಂಬುತ್ತದೆ. ಅಲ್ಲಿನ ನೀರು, ಮಣ್ಣು, ಬೆಳೆಗಳಲ್ಲಿ ಭಾರ ಲೋಹಗಳಿರುವುದನ್ನು ಅಧ್ಯಯನಗಳು ದಾಖಲಿಸಿವೆ. ರಾಜಧಾನಿಯ ಹಲವು ಕೆರೆಗಳಲ್ಲಿ ಮೀನು ಹಿಡಿಯುವ ಹಕ್ಕನ್ನು ಗುತ್ತಿಗೆ ಕೊಡುವ ಪದ್ಧತಿ ಹಿಂದಿನಿಂದಲೂ ಇದೆ. ಕೆರೆಯ ಗುತ್ತಿಗೆಯಿಂದ ಬೊಕ್ಕಸಕ್ಕೆ ಹಣ ಬರುವಾಗ, ಆ ಕೆರೆಯ ಕಾಟ್ಲಾ, ರೋಹು, ಜಿಲೇಬಿ ಮೀನುಗಳು ತಿನ್ನಲು ಯೋಗ್ಯವೇ ಎಂದು ಪರೀಕ್ಷಿಸಿ ಹೇಳುವ ಹೊಣೆ ಗುತ್ತಿಗೆ ಕೊಟ್ಟವರದಲ್ಲವೇ? ಕರಾವಳಿಯಲ್ಲಿ ತೈಲ ಶುದ್ಧೀಕರಣಾಗಾರವಿದೆ, ರಸಗೊಬ್ಬರ ಕಾರ್ಖಾನೆಯಿದೆ, ಕಲ್ಲಿದ್ದಲು ಉರಿಸುವ ವಿದ್ಯುತ್ ಸ್ಥಾವರವಿದೆ, ಬಂದರುಗಳಿವೆ. ಇವೆಲ್ಲ ವಿಷ ಕಾರುತ್ತಿವೆ ಎಂಬುದು ನಮ್ಮ ಆರೋಪವಲ್ಲ. ಕಾರುತ್ತಿಲ್ಲ ಎಂಬುದನ್ನು ಮೀನಿನ ಪರೀಕ್ಷೆಯ ಮೂಲಕವೇ ಜನರಿಗೆ ತೋರಿಸಿಕೊಡಿ ಎಂಬುದು ನಮ್ಮ ಆಗ್ರಹ.

'ಮಿತಿಯೊಳಗಿದೆ' ಎಂಬ ಮಾತನ್ನೂ ಸ್ವಲ್ಪ ಪರಿಶೀಲಿಸಬೇಕು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ ಸಂಸ್ಥೆಯ ಜಂಟಿ ತಜ್ಞ ಸಮಿತಿಯು 2003ರಲ್ಲಿ ಗೊತ್ತುಪಡಿಸಿದ ಪ್ರಕಾರ, ಒಬ್ಬ ವ್ಯಕ್ತಿ ತನ್ನ ದೇಹತೂಕದ ಪ್ರತಿ ಕಿಲೋಗೆ ವಾರಕ್ಕೆ 1.6 ಮೈಕ್ರೋಗ್ರಾಂಗಿಂತ ಹೆಚ್ಚು ಮೀಥೈಲ್ ಪಾದರಸವನ್ನು ಸೇವಿಸಬಾರದು. 60 ಕಿಲೋ ತೂಕದ ಮಹಿಳೆಗೆ ಇದು ವಾರಕ್ಕೆ 96 ಮೈಕ್ರೋಗ್ರಾಂ. ನಮ್ಮ ಕಾನೂನಿನ ಗರಿಷ್ಠ ಮಿತಿಯಲ್ಲಿರುವ, ಅಂದರೆ ಕಿಲೋಗೆ 0.25 ಮಿಲಿಗ್ರಾಂ ಇರುವ ಮೀನನ್ನು ಆಕೆ ತಿಂದರೆ ವಾರಕ್ಕೆ 384 ಗ್ರಾಂನಲ್ಲೇ ಆ ಪ್ರಮಾಣ ಮುಗಿದುಹೋಗುತ್ತದೆ. ಘಟ್ಟದ ಮೇಲೆ ವಾರಕ್ಕೊಮ್ಮೆ ಮೀನು ತಿನ್ನುವವರಿಗೆ ಇದು ಸಮಸ್ಯೆಯಲ್ಲ. ಆದರೆ ದಿನಕ್ಕೆ ಎರಡು ಹೊತ್ತು ಮೀನಿಲ್ಲದೇ ಅನ್ನ ಇಳಿಯದ ಕರಾವಳಿಯ ಮನೆಗಳ ಲೆಕ್ಕವೇ ಬೇರೆ. ಕಡತದಲ್ಲಿ ಎಲ್ಲವೂ ಮಿತಿಯೊಳಗಿದ್ದು, ತಾಯಿಯ ದೇಹದಲ್ಲಿ ಮಿತಿ ಮೀರಿರುವುದು ಸಾಧ್ಯ. ಆದ್ದರಿಂದ ಎಷ್ಟಿದೆ ಎಂಬುದರ ಜೊತೆ ಯಾರು, ಎಷ್ಟು ತಿನ್ನುತ್ತಾರೆ ಎಂಬುದನ್ನೂ ಅಳೆಯಬೇಕು.

ತಾಯಿಯನ್ನು ಪ್ರತ್ಯೇಕವಾಗಿ ಉಲ್ಲೇಖಿಸಲು ಕಾರಣವಿದೆ. ಮೀಥೈಲ್ ಪಾದರಸವು ಗರ್ಭಕೋಶದ ರಕ್ಷಾ ಪದರವನ್ನು ದಾಟಿ ಭ್ರೂಣದ ಮೆದುಳನ್ನು ತಲುಪುತ್ತದೆ. ಮಿನಮಾಟಾದಲ್ಲಿ ತಾಯಂದಿರಲ್ಲಿ ರೋಗಲಕ್ಷಣ ಅಲ್ಪವಾಗಿದ್ದು, ಅವರಿಗೆ ಹುಟ್ಟಿದ ಮಕ್ಕಳು ತೀವ್ರ ಅಂಗವೈಕಲ್ಯಕ್ಕೆ ತುತ್ತಾದ ಪ್ರಕರಣಗಳನ್ನು ಹರಾಡಾ ಮಸಾಝುಮಿ ಎಂಬ ವೈದ್ಯರು ದಾಖಲಿಸಿದ್ದರು. ಸೀಸದ ಮಟ್ಟಿಗಂತೂ ಮಕ್ಕಳಿಗೆ ಸುರಕ್ಷಿತವೆನ್ನಬಹುದಾದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದ ಮಗುವನ್ನು ದಡ್ಡನೆಂದು ಬಯ್ಯುವ ನಮಗೆ, ಅದರ ಮೆದುಳಿಗೆ ನೀರಿನ ಮೂಲಕ, ಆಹಾರದ ಮೂಲಕ ಏನನ್ನು ಉಣಿಸಿದ್ದೇವೆ ಎಂದು ಯೋಚಿಸುವ ಅಗತ್ಯವಿದೆ.

ಹಾಗಂತ, ಮೀನು ತಿನ್ನಬೇಡಿ ಎಂದು ಹೇಳಿದರೆ ಅದು ಇನ್ನೊಂದು ಅನ್ಯಾಯವಾಗುತ್ತದೆ. ಬಡವನಿಗೆ ಕೈಗೆಟಕುವ ಬೆಲೆಯಲ್ಲಿ ಉತ್ತಮ ಪ್ರೋಟೀನ್ ಮತ್ತು ಮೆದುಳಿಗೆ ಬೇಕಾದ ಕೊಬ್ಬಿನಂಶ ಕೊಡುವ ಆಹಾರ ಮೀನು. ಗರ್ಭಿಣಿಯರು ಮೀನನ್ನು ಪೂರ್ತಿ ಬಿಟ್ಟರೆ ಮಗುವಿಗೆ ನಷ್ಟವೇ ಹೊರತು ಲಾಭವಲ್ಲ. ಅವರು ತಿಳಿದಿರಬೇಕಾದುದು ಇಷ್ಟೇ: ಬೂತಾಯಿ, ಬಂಗುಡೆಯಂತಹ ಸಣ್ಣ ಮೀನುಗಳನ್ನು ಆರಿಸಿಕೊಳ್ಳಿ, ಶಾರ್ಕ್ ಮತ್ತು ಭಾರೀ ಗಾತ್ರದ ಬೇಟೆಗಾರ ಮೀನುಗಳನ್ನು ಆ ತಿಂಗಳುಗಳಲ್ಲಿ ದೂರವಿಡಿ, ಪಿತ್ತಜನಕಾಂಗ, ಕರುಳು, ಕಿವಿರುಗಳನ್ನು ತೆಗೆದು ಶುಚಿಗೊಳಿಸಿ, ಕೊಳಚೆ ಸೇರುವ ಕೆರೆಯ ಮೀನನ್ನು ಕೊಳ್ಳಬೇಡಿ. ಅಮೆರಿಕದಲ್ಲಿ ಗರ್ಭಿಣಿಯರಿಗಾಗಿ ಸರಕಾರವೇ ಮೀನುಗಳ ಹೆಸರು ಸಮೇತ ಇಂತಹ ಪಟ್ಟಿಯನ್ನು ಪ್ರಕಟಿಸುತ್ತದೆ. ನಮ್ಮ ಅಂಗನವಾಡಿಗಳ ಗೋಡೆಯಲ್ಲಿ, ಆಶಾ ಕಾರ್ಯಕರ್ತೆಯರ ಕೈಯಲ್ಲಿ, ನಮ್ಮ ಮೀನುಗಳ ಹೆಸರಿನಲ್ಲಿ, ನಮ್ಮ ಭಾಷೆಗಳಲ್ಲಿ ಇಂತಹ ಒಂದು ಪಟ್ಟಿ ಇರುವುದಕ್ಕೆ ಯಾವ ಅಡ್ಡಿಯಿದೆ?

ಮಾಹಿತಿ ಇಲ್ಲದಲ್ಲಿ ವದಂತಿ ಆಳುತ್ತದೆ. 2025ರ ಮೇ 25ರಂದು ಕೊಚ್ಚಿಯ ಬಳಿ ಎಂಎಸ್‌ಸಿ ಎಲ್ಸಾ-3 ಎಂಬ ಸರಕು ಹಡಗು ಮುಳುಗಿದಾಗ ಕೇರಳದ ಮೀನು ಮಾರುಕಟ್ಟೆಗಳು ಬಿಕೋ ಎಂದವು. ಹಡಗಿನಲ್ಲಿ ಅಪಾಯಕಾರಿ ಸರಕಿತ್ತೆಂಬ ಸುದ್ದಿಗೆ ಬೆದರಿ ಜನರು ಮೀನು ಕೊಳ್ಳುವುದನ್ನೇ ನಿಲ್ಲಿಸಿದರು. ಹಡಗಿನ ಮಾಲಕನೂ ವಿಮಾ ಕಂಪೆನಿಯೂ ಎಲ್ಲೋ ದೂರದಲ್ಲಿದ್ದರು. ಅಂದಿನ ಗಂಜಿಗೆ ಅಂದೇ ದುಡಿಯಬೇಕಾದ ಮೀನುಗಾರ ದಡದಲ್ಲಿ ಕೂತಿದ್ದ. ನಂಬಲರ್ಹವಾದ ಪರೀಕ್ಷಾ ವರದಿಗಳು ನಿಯಮಿತವಾಗಿ ಹೊರಬರುವ ವ್ಯವಸ್ಥೆ ಇದ್ದಿದ್ದರೆ, ಇವತ್ತಿನ ಮೀನು ಸುರಕ್ಷಿತ ಎಂಬ ಮಾತಿಗೆ ಬೆಲೆ ಇರುತ್ತಿತ್ತು. ಆದ್ದರಿಂದ ಪರೀಕ್ಷೆಯನ್ನು ಮೀನುಗಾರರ ವಿರುದ್ಧದ ಕ್ರಮವೆಂದು ಭಾವಿಸಬೇಕಿಲ್ಲ. ಅದು ಅವರ ಬದುಕಿನ ರಕ್ಷಾಕವಚ. ಮೀನುಗಾರ ಸಂಘಟನೆಗಳೇ ಮುಂದೆ ನಿಂತು ಇದನ್ನು ಕೇಳಬೇಕು.

ಮಾಡಬೇಕಾದುದೇನು ಎಂಬುದು ಗುಟ್ಟಿನ ಸಂಗತಿಯಲ್ಲ. ಮೊದಲನೆಯದಾಗಿ, ಪ್ರಮುಖ ಬಂದರುಗಳು, ಸಗಟು ಮಾರುಕಟ್ಟೆಗಳು ಮತ್ತು ಗುತ್ತಿಗೆಗೆ ಕೊಟ್ಟ ಕೆರೆಗಳ ಮೀನುಗಳನ್ನು ನಿಗದಿತ ಅವಧಿಗೊಮ್ಮೆ ಭಾರ ಲೋಹಗಳಿಗಾಗಿ ಪರೀಕ್ಷಿಸಬೇಕು. ಮೀನಿನ ಹೆಸರು, ಸ್ಥಳ, ಪ್ರಮಾಣ ಸಮೇತ ಫಲಿತಾಂಶವನ್ನು ಕನ್ನಡದಲ್ಲಿ ಬಹಿರಂಗಪಡಿಸಬೇಕು. ಎರಡನೆಯದಾಗಿ, ಎಲ್ಲಿ ಮಿತಿ ಮೀರುತ್ತದೋ ಅಲ್ಲಿ ಮಾರಾಟ ನಿಲ್ಲಿಸುವ ದಿನವೇ ವಿಷದ ಮೂಲವನ್ನು ಹುಡುಕುವ ತನಿಖೆಯೂ ಆರಂಭವಾಗಬೇಕು. ಆಹಾರ ಸುರಕ್ಷತಾ ಇಲಾಖೆ ಮಾರುಕಟ್ಟೆಯಲ್ಲಿ ನಿಂತರೆ, ಮಾಲಿನ್ಯ ನಿಯಂತ್ರಣ ಮಂಡಳಿ ಕಾರ್ಖಾನೆಯ ಕೊಳವೆಯ ಬಳಿ ನಿಲ್ಲಬೇಕು. ಮೂರನೆಯದಾಗಿ, ನಿಷೇಧದಿಂದ ಕೆಲಸ ಕಳಕೊಂಡ ಮೀನುಗಾರರಿಗೆ ಮತ್ತು ಮಾರಾಟಗಾರರಿಗೆ ಪರಿಹಾರ ಸಿಗಬೇಕು. ಅದನ್ನು ನೀರು ಕೆಡಿಸಿದವರಿಂದ ವಸೂಲು ಮಾಡಬೇಕು. ಪಾದರಸವನ್ನು ನಿಯಂತ್ರಿಸುವ ಅಂತಾರಾಷ್ಟ್ರೀಯ ಒಪ್ಪಂದಕ್ಕೆ ಮಿನಮಾಟಾದ ಹೆಸರನ್ನೇ ಇಡಲಾಗಿದೆ. ಅದು ಜಾರಿಗೆ ಬಂದದ್ದು 2017ರಲ್ಲಿ, ಭಾರತ ಅನುಮೋದಿಸಿದ್ದು 2018ರಲ್ಲಿ. ಸಹಿ ಹಾಕಿದ ದೇಶವು ತನ್ನ ಮೀನು ಮಾರುಕಟ್ಟೆಯನ್ನು ಪರೀಕ್ಷಿಸುವುದಿಲ್ಲವೆಂದಾದರೆ ಆ ಸಹಿಗೆ ಅರ್ಥವೇನು?

ನಮ್ಮ ರಾಜಕೀಯಕ್ಕೆ ಜನರ ಅಡುಗೆಮನೆಯ ಮೇಲೆ ವಿಪರೀತ ಆಸಕ್ತಿ ಇದೆ. ಯಾರು ಏನು ತಿನ್ನುತ್ತಾರೆ, ಯಾವ ದಿನ ತಿನ್ನುತ್ತಾರೆ, ಎಲ್ಲಿ ಮಾರುತ್ತಾರೆ ಎಂಬುದರ ಮೇಲೆ ಇಲ್ಲಿ ಮೆರವಣಿಗೆಗಳಾಗಿವೆ, ಕಾನೂನುಗಳಾಗಿವೆ, ಹಲ್ಲೆಗಳಾಗಿವೆ. ಪಾತ್ರೆಯ ಮುಚ್ಚಳ ಎತ್ತಿ ಇಣುಕುವ ಇಷ್ಟೊಂದು ಉತ್ಸಾಹದಲ್ಲಿ ಸ್ವಲ್ಪವನ್ನಾದರೂ ಆ ಪಾತ್ರೆಯೊಳಗಿನ ಪಾದರಸವನ್ನು, ಸೀಸವನ್ನು ಅಳೆಯಲು ಬಳಸಿದ್ದರೆ ಎಷ್ಟೋ ಮಕ್ಕಳಿಗೆ ಉಪಕಾರವಾಗುತ್ತಿತ್ತು. ವಿಷಕ್ಕೆ ಜಾತಿಯಿಲ್ಲ. ಮೊಗವೀರರ, ಬ್ಯಾರಿಗಳ, ಕ್ರೈಸ್ತರ, ಖಾರ್ವಿಗಳ ಮನೆಯ ಮಗು ತಿನ್ನುವುದು ಒಂದೇ ಕಡಲಿನ ಮೀನನ್ನು. ಈ ಒಂದು ವಿಷಯದಲ್ಲಾದರೂ ಕರಾವಳಿಯ ಎಲ್ಲ ಸಮುದಾಯಗಳು ಒಂದೇ ಮನವಿಪತ್ರಕ್ಕೆ ಸಹಿ ಹಾಕಿ ಜಿಲ್ಲಾಧಿಕಾರಿಯ ಕಚೇರಿಯ ಮುಂದೆ ನಿಲ್ಲಲು ಸಾಧ್ಯವಿದೆ. ಮುಂದಿನ ಗ್ರಾಮಸಭೆಯಲ್ಲಿ, ನಗರ ಪಾಲಿಕೆಯ ಸಭೆಯಲ್ಲಿ, ಶಾಸಕರ ಜನಸಂಪರ್ಕ ಸಭೆಯಲ್ಲಿ ಓದುಗರು ಒಂದು ಪ್ರಶ್ನೆಯನ್ನು ಎತ್ತಲಿ: ನಮ್ಮ ಮಾರುಕಟ್ಟೆಯ ಮೀನನ್ನು ಕೊನೆಯದಾಗಿ ಪರೀಕ್ಷಿಸಿದ್ದು ಯಾವಾಗ, ಅದರ ವರದಿ ಎಲ್ಲಿದೆ? ಉತ್ತರ ಸಿಗುವವರೆಗೂ ಈ ಪ್ರಶ್ನೆಯನ್ನು ಕೈಬಿಡಬಾರದು.